ಹೆಸರು ಕೊಯ್ಯೋ ಹೊತ್ತಿಗೇ ಮಳಿ ಯಾಕ? ಲಕ್ಷ್ಮೇಶ್ವರದ ಸಂತೆಯಿಂದ ಕಪ್ಪತಗುಡ್ಡದವರೆಗೆ

ಇವತ್ತಿನ ಎಪಿಸೋಡ್ ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಪ್ರಶ್ನೆ ನಂದಲ್ಲ. ಲಕ್ಷ್ಮೇಶ್ವರದ ಸಂತೆಯಲ್ಲಿ ಒಬ್ಬ ಹಿರಿಯರು ಕೇಳಿದ್ದು.

ನಾವು ನಾಲ್ಕೈದು ಮಂದಿ ಗೆಳೆಯರು ಸಂತೆ ಬದಿಗೆ ಒಂದು ಟೇಬಲ್ ಹಾಕಿದ್ವಿ. ಹಿಂದೆ ಚಾರ್ಟ್ ಪೇಪರ್. ಅದರಲ್ಲಿ ಕರಗುತ್ತಿರೋ ಹಿಮ, ಒಂದು ಹಿಮಕರಡಿ, ಬಾಯಲ್ಲಿ ಥರ್ಮಾಮೀಟರ್ ಇಟ್ಕೊಂಡ ಭೂಮಿ. ಕೈಯಲ್ಲಿ ‘ಜಾಗತಿಕ ತಾಪಮಾನ ಏರಿಕೆ’ ಅಂತ ದಪ್ಪ ಅಕ್ಷರದ ಪಾಂಪ್ಲೆಟ್. ಹಿರಿಯರು ಕೈಚೀಲ ಕೆಳಗಿಟ್ಟು ಎಲ್ಲವನ್ನೂ ನಿಧಾನಕ್ಕೆ ನೋಡಿದರು. ಆಮೇಲೆ ಕೇಳಿದರು: “ತಂಗಿ, ಇದೆಲ್ಲಾ ಛಲೋ ಐತಿ. ಹೆಸರು ಕೊಯ್ಯೋ ಹೊತ್ತಿಗೇ ಮಳಿ ಯಾಕ ಹಿಡೀತದ? ಅದನ್ನಷ್ಟು ಹೇಳು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಮಕರಡಿ ಹತ್ತಿರಾನೂ ಇರಲಿಲ್ಲ. ಅವರು ಪಾಂಪ್ಲೆಟ್ ಮಡಚಿ ಜೇಬಿಗಿಟ್ಟುಕೊಂಡು ಹೋದರು, ಬಹುಶಃ ಎಲೆಅಡಿಕೆ ಕಟ್ಟೋಕೆ.

ಉತ್ತರ ಹುಡುಕೋಕೆ ನನಗೆ ಬಹಳ ದಿನ ಬೇಕಾಯ್ತು. ಈಗ ಹೇಳ್ತೀನಿ, ಅವರೇ ಮುಂದೆ ಕೂತಿದ್ದಾರೆ ಅಂದ್ಕೊಂಡು.

ಹೆಸರು ಎರಡು-ಎರಡೂವರೆ ತಿಂಗಳ ಬೆಳೆ. ಮುಂಗಾರಿನ ಮೊದಲ ಮಳೆಗಳಿಗೆ ಬಿತ್ತಿದರೆ ಆಗಸ್ಟ್ ಹೊತ್ತಿಗೆ ಕಾಯಿ ಒಣಗಿ ಕೊಯ್ಲಿಗೆ ಬರುತ್ತೆ. ಆ ಎಂಟು-ಹತ್ತು ದಿನ ಬಿಸಿಲು ಬೇಕು. ಆಗ ಮಳೆ ಹಿಡಿದರೆ ಕಾಳು ಕಾಯಿಯೊಳಗೇ ಮೊಳಕೆ ಒಡೆಯುತ್ತೆ, ಕಪ್ಪಾಗುತ್ತೆ, ಎಪಿಎಂಸಿಯಲ್ಲಿ ರೇಟ್ ಬಿದ್ದು ಹೋಗುತ್ತೆ. ಎರಿ ಹೊಲದವರಿಗೆ ಇದು ಹೊಸ ಕಥೆ ಅಲ್ಲ. ಹಿಂದೆಯೂ ಹೀಗೆ ಆಗಿದೆ.

ಬದಲಾಗ್ತಾ ಇರೋದು ಮಳೆ ಬೀಳೋ ರೀತಿ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತೆ: ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಶೇ 7ರಷ್ಟು ಹೆಚ್ಚು. ಕಾರ್ಖಾನೆಗಳ ಯುಗ ಶುರುವಾಗೋ ಮುಂಚಿನ ಕಾಲಕ್ಕೆ ಹೋಲಿಸಿದರೆ ಭೂಮಿಯ ಸರಾಸರಿ ತಾಪಮಾನ ಈಗಾಗಲೇ 1 ಡಿಗ್ರಿಗಿಂತ ಹೆಚ್ಚು ಏರಿದೆ. 2024 ಒಂದನ್ನೇ ತಗೊಂಡರೆ ಆ ಏರಿಕೆ 1.5 ಡಿಗ್ರಿ ದಾಟಿತು. ಎಪಿಎಂಸಿ ಗೋದಾಮಿನ ಹಾಗೆ ಯೋಚನೆ ಮಾಡಿ. ಗೋದಾಮು ದೊಡ್ಡದಾದರೆ ತುಂಬೋಕೆ ಹೆಚ್ಚು ದಿನ ಬೇಕು, ಬಾಗಿಲು ತೆಗೆದ ದಿನ ಹೊರಗೆ ಬರೋ ಮಾಲೂ ಹೆಚ್ಚು. ಹಾಗಾಗಿ ಮಳೆ ಇಲ್ಲದ ದಿನಗಳು ಉದ್ದ ಆಗ್ತವೆ, ಬಂದಾಗ ಒಮ್ಮೆಲೇ ಸುರಿಯುತ್ತೆ. ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ರೈತನ ಲೆಕ್ಕ ಪೂರ್ತಿ ತಪ್ಪುತ್ತೆ.

ನಮ್ಮ ಜಿಲ್ಲೆಯಲ್ಲೇ ನೋಡಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಮುಳುಗಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆ ಆದವು, ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಒಂದು ವರ್ಷದ ಒಂದು ಮಳೆ ತೋರಿಸಿ ‘ಇದು ಹವಾಮಾನ ಬದಲಾವಣೆಯಿಂದಲೇ ಆಯ್ತು’ ಅಂತ ನಾನಂತೂ ಹೇಳಲ್ಲ. ಹಾಗೆ ಹೇಳಿದವರನ್ನ ನೀವೂ ಅಷ್ಟು ಸುಲಭಕ್ಕೆ ನಂಬಬೇಡಿ. ಆದರೆ ಇಂಥ ವರ್ಷಗಳು ಮೇಲಿಂದ ಮೇಲೆ ಬರೋ ಸಾಧ್ಯತೆ ಹೆಚ್ಚಾಗ್ತಿದೆ ಅನ್ನೋದು ಲೆಕ್ಕದ ಮಾತು.

ಈಗ ನಮ್ಮ ಇನ್ನೊಂದು ದಡ್ಡತನ ಒಪ್ಕೊಂಡುಬಿಡ್ತೀನಿ. ಒಂದು ಜೂನ್ 5ಕ್ಕೆ ಗದಗಿನಲ್ಲಿ ಜಾಥಾ ಮಾಡಿ, ಬೆಟಗೇರಿ ಕಡೆಯ ಒಂದು ಖಾಲಿ ಜಾಗದಲ್ಲಿ 50 ಸಸಿ ನೆಟ್ಟಿದ್ವಿ. ಫೋಟೋ ಬಂತು, ಸ್ಟೇಟಸ್ ಹಾಕಿದ್ವಿ. ಮುಂದಿನ ಬೇಸಿಗೆಗೆ ಬದುಕಿದ್ದು ನಾಲ್ಕು. ಬಿ.ಕಾಂ. ಓದಿದ ತಪ್ಪಿಗೆ ಖರ್ಚಿನ ಪಟ್ಟಿ ತೆಗೆದು ನೋಡಿದೆ: ಬ್ಯಾನರ್‌ಗೆ 1,800 ರೂಪಾಯಿ, ನೀರಿಗೆ ಸೊನ್ನೆ. ನಳದ ನೀರಿಗೆ ನಾವೇ ದಿನ ಎಣಿಸಿಕೊಂಡು ಕಾಯೋ ಊರಲ್ಲಿ ಸಸಿಗೆ ನೀರು ಯಾರು ಹಾಕ್ತಾರೆ ಅಂತ ಒಬ್ಬರೂ ಕೇಳಿರಲಿಲ್ಲ.

ಹಾಗಾದರೆ ಇಲ್ಲಿ ಜನ ಯಾವತ್ತೂ ಎಚ್ಚೆತ್ತುಕೊಂಡೇ ಇಲ್ವಾ? ಎಚ್ಚೆತ್ತಿದ್ದಾರೆ, ಅದೂ ಎರಡು ಸಲ.

ಮೊದಲನೇದು 2011. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಸುಮಾರು 3,382 ಎಕರೆ ಜಮೀನು ತಗೊಳ್ಳೋ ಯೋಜನೆ ಇತ್ತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ಬೀದಿಗಿಳಿದರು. ಆ ಜುಲೈನಲ್ಲೇ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. 2013ರಲ್ಲಿ ಕಂಪನಿ ರಾಜ್ಯದ ಯೋಜನೆಯಿಂದಲೇ ಹಿಂದೆ ಸರಿಯಿತು.

ಎರಡನೇದು ಕಪ್ಪತಗುಡ್ಡ. ಗದಗ ಹತ್ತಿರದ ಬಿಂಕದಕಟ್ಟಿಯಿಂದ ಶಿರಹಟ್ಟಿ, ಮುಂಡರಗಿ ತಾಲ್ಲೂಕು ದಾಟಿ ತುಂಗಭದ್ರೆ ದಂಡೆಯ ಸಿಂಗಟಾಲೂರಿನವರೆಗೆ ಚಾಚಿಕೊಂಡಿರೋ ಸಾಲು. ಔಷಧಿ ಗಿಡಕ್ಕೆ ಹೆಸರಾದದ್ದು, ಒಳಗೆ ಕಬ್ಬಿಣ, ಮ್ಯಾಂಗನೀಸ್, ಚಿನ್ನದ ಅದಿರು. 2015ರ ಡಿಸೆಂಬರ್‌ನಲ್ಲಿ ಇದನ್ನ ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿದ ಸರ್ಕಾರ, 2016ರ ನವೆಂಬರ್‌ನಲ್ಲಿ ಅದೇ ಆದೇಶ ವಾಪಸ್ ತಗೊಂಡಿತು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ. ಸ್ವಾಮೀಜಿ, ಎಸ್.ಆರ್. ಹಿರೇಮಠ, ರೈತರು, ಕಾಲೇಜು ಹುಡುಗ-ಹುಡುಗಿಯರು ಎಲ್ಲ ಕೂತಿದ್ದರು. ಏಪ್ರಿಲ್‌ನಲ್ಲಿ ಆ ಸ್ಥಾನಮಾನ ಮರಳಿ ಬಂತು. 2019ರ ಮೇನಲ್ಲಿ ಸುಮಾರು 244 ಚದರ ಕಿ.ಮೀ. ವನ್ಯಜೀವಿ ಧಾಮ ಆಯ್ತು. ಅದನ್ನ ನೋಡೋಕೆ ಸ್ವಾಮೀಜಿ ಇರಲಿಲ್ಲ. 2018ರ ಅಕ್ಟೋಬರ್ 20ರಂದು ಲಿಂಗೈಕ್ಯರಾಗಿದ್ದರು.

ಆ ಹೋರಾಟಕ್ಕೆ ‘ಕಾರ್ಬನ್’, ‘ಹವಾಮಾನ’ ಅನ್ನೋ ಪದಗಳು ಬೇಕಾಗಿರಲಿಲ್ಲ. ಗುಡ್ಡ ಹೋದರೆ ಯಾವ ಹಳ್ಳದ ನೀರು ಹೋಗುತ್ತೆ, ಯಾರ ಹೊಲಕ್ಕೆ ಧೂಳು ಬರುತ್ತೆ ಅನ್ನೋದು ಜನಕ್ಕೆ ಗೊತ್ತಿತ್ತು. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೀತು. ಮಠದಲ್ಲಿ ವಾರ ವಾರ ಶಿವಾನುಭವ ನಡೀತಿತ್ತು. ಜನ ಮೊದಲೇ ಸೇರೋ ಜಾಗಕ್ಕೆ ವಿಷಯ ಬಂತು. ನಾವು ಮಾಡಿದ್ದು ಉಲ್ಟಾ, ವಿಷಯ ಇಟ್ಕೊಂಡು ಜನಕ್ಕಾಗಿ ಕಾಯ್ತಾ ಕೂತಿದ್ವಿ.

ಅದಕ್ಕೇ ಈಗ ನಾವು ಹೊಸ ಕಾರ್ಯಕ್ರಮ ಹುಟ್ಟಿಸಲ್ಲ, ಇರೋ ಕಡೆ ಹೋಗ್ತೀವಿ. ಬೆಟಗೇರಿಯ ನಮ್ಮ ಓಣಿ ಗಣಪತಿ ಪೆಂಡಾಲ್ ಪಕ್ಕ ಒಂದು ಕರಿಹಲಗೆ ಇಟ್ವಿ. ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕಗಳಿವೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಂಕಿ ಕೊಡುತ್ತೆ. ಆ ಅಂಕಿಗಳನ್ನ ಮಳೆ ನಕ್ಷತ್ರದ ಹೆಸರಿನ ಕೆಳಗೆ ಬರೆದ್ವಿ: ರೋಹಿಣಿ ಇಷ್ಟು, ಮಿರ್ಗಾ ಇಷ್ಟು, ಆರಿದ್ರಾ ಇಷ್ಟು. ಭಾಷಣ ಇಲ್ಲ. ಆರತಿಗೆ ಬಂದವರು ಹಲಗೆ ಮುಂದೆ ನಿಂತು ತಾವೇ ಜಗಳ ತೆಗೆದರು. ‘ನಮ್ಮ ಹೊಲದಾಗ ಇಷ್ಟು ಆಗಿಲ್ಲ ಬಿಡ್ರಿ’, ‘ಒಂದ ರಾತ್ರಿದಾಗ ಆಗಿದ್ದದು’. ಒಂದೇ ರಾತ್ರಿ! ನಾನು ಹೇಳಬೇಕಿದ್ದ ಮಾತನ್ನ ಅವರೇ ಹೇಳಿದ್ದರು.

ಶಿರಹಟ್ಟಿ ಕಡೆ ವಿಷಯ ಬೇರೆ. ಬೇಸಿಗೆ ಬಂತು ಅಂದರೆ ಗುಡ್ಡಕ್ಕೆ ಬೆಂಕಿ. ಹುಲ್ಲು ಚಲೋ ಚಿಗುರುತ್ತೆ ಅನ್ನೋ ನಂಬಿಕೆಯಿಂದ ಹಚ್ಚೋರಿದ್ದಾರೆ, ಬೀಡಿ ಎಸೆದು ಹೋಗೋರೂ ಇದ್ದಾರೆ. ಸುಟ್ಟ ಇಳಿಜಾರಿನಲ್ಲಿ ಮಣ್ಣು ಹಿಡಿಯೋಕೆ ಬೇರು ಇರಲ್ಲ. ಮೊದಲೇ ಹೇಳಿದ ಆ ಒಮ್ಮೆಲೇ ಸುರಿಯೋ ಮಳೆ ಅಲ್ಲಿ ಬಿದ್ದರೆ ನೀರು ಇಂಗಲ್ಲ, ಮಣ್ಣು ಕೆರೆಗೆ ಬಂದು ಹೂಳಾಗುತ್ತೆ. ಇದನ್ನ ಕುರಿ ಕಾಯೋರ ಜೊತೆ ಕೂತು ಮಾತಾಡಬೇಕು, ಪೋಸ್ಟರ್‌ನಿಂದ ಆಗಲ್ಲ. ಗುಡ್ಡದ ಮೇಲಿನ ಗಾಳಿಯಂತ್ರ ತೋರಿಸಿ ಒಬ್ಬ ಹುಡುಗ ಕೇಳಿದ: “ಅಕ್ಕಾ, ಇದು ಪರಿಸರಕ್ಕ ಛಲೋ ಅಂತೀರಿ, ಇದಕ್ಕ ರೋಡ್ ಮಾಡಾಕ ಗುಡ್ಡ ಕಡದಾರಲ್ಲ?” ಎರಡೂ ನಿಜ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಿಲ್ಲ.

ಕೊನೇದು ಮಾಗಡಿ ಕೆರೆ, ಗದಗ-ಲಕ್ಷ್ಮೇಶ್ವರ ದಾರಿಯಲ್ಲಿ. ಪಟ್ಟೆ ತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರ್ತವೆ. 2024ರಲ್ಲಿ ಇದು ರಾಮ್ಸರ್ ಪಟ್ಟಿಗೂ ಸೇರಿತು. ಮಳೆನೀರಿನ ಕೆರೆ ಇದು, ಮಳೆ ಕೈಕೊಟ್ಟರೆ ಹಕ್ಕಿಗೂ ನೆಲೆ ಇಲ್ಲ. ಅವು ತಿನ್ನೋದು ಸುತ್ತಲಿನ ಹೊಲದ ಕಡಲೆ, ಶೇಂಗಾ. ಅಂದರೆ ಹಕ್ಕಿ ನೋಡೋಕೆ ನಾವು ಬೈಕ್ ಹತ್ತಿ ಹೋಗ್ತೀವಿ, ಅವಕ್ಕೆ ಊಟ ಹಾಕೋರು ಅಲ್ಲಿನ ರೈತರು. ಕಳೆದ ಸಲ ನಡಿಗೆಗೆ ಕರೆದಾಗ ಒಬ್ಬ ಅಮ್ಮ, “ನೋಡಾಕ ಬರ್ರಿ, ಬದುವಿನ ಮ್ಯಾಲ ನಡೀರಿ, ಬೆಳಿ ತುಳೀಬ್ಯಾಡ್ರಿ” ಅಂದರು. ಈ ಸಲದ ನಡಿಗೆಗೆ ಅದೇ ಮೊದಲ ನಿಯಮ.

ನವೆಂಬರ್ ಕಡೇ ವಾರ, ಬೆಳಿಗ್ಗೆ ಆರಕ್ಕೆ ಕೆರೆ ಏರಿ ಹತ್ತಿರ ಸೇರ್ತೀವಿ. ಸ್ಪೀಕರ್ ಬೇಡ, ಡ್ರೋನ್ ಬೇಡ. ನೀರಿನ ಬಾಟಲಿ ಮನೆಯಿಂದ ತನ್ನಿ. ಅದಕ್ಕೂ ಮುಂಚೆ ಒಂದು ದಿನ ಲಕ್ಷ್ಮೇಶ್ವರದ ಸಂತೆಯಲ್ಲಿ ಮತ್ತೆ ಟೇಬಲ್ ಹಾಕ್ತೀವಿ, ಹಿಮಕರಡಿ ಇಲ್ಲದೆ. ಆ ಹಿರಿಯರು ಸಿಕ್ಕರೆ ಉತ್ತರ ಹೇಳೋದು ಬಾಕಿ ಇದೆ.