ಜಗಳೂರಿನ ನೀರು ಯಾವ ವಿಷಯದ ಪಾಠ?

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಗಮನಿಸಿ. ಚನ್ನಗಿರಿಯಲ್ಲಿ ಶಾಂತಿಸಾಗರವೆಂಬ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟಗಳಿವೆ. ಹೊನ್ನಾಳಿಯಲ್ಲಿ ತುಂಗಭದ್ರೆ ಹರಿಯುತ್ತದೆ. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯಲ್ಲಿ ಮಳೆಯನ್ನೇ ನಂಬಿದ ಮೆಕ್ಕೆಜೋಳದ ಹೊಲಗಳಿವೆ. ಜಗಳೂರಾದರೋ ಬರದ ಸೀಮೆ. ಅಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು.

ಈ ಫ್ಲೋರೈಡ್ ಎಲ್ಲಿಂದ ಬರುತ್ತದೆ? ಗಟ್ಟಿ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮುಂತಾದ ಖನಿಜಗಳಿಂದ. ಇದು ಭೂವಿಜ್ಞಾನ. ನೀರು ಕ್ಷಾರೀಯವಾಗಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದರೆ ಫ್ಲೋರೈಡ್ ಹೆಚ್ಚಾಗಿ ಕರಗುತ್ತದೆ. ಇದು ರಸಾಯನಶಾಸ್ತ್ರ. ನೆಲದ ವಿದ್ಯುತ್ ರೋಧಶೀಲತೆಯನ್ನಳೆದು ಶಿಲೆಯ ಬಿರುಕಿನಲ್ಲಿರುವ ನೀರನ್ನು ಗುರುತಿಸುವುದು ಭೌತಶಾಸ್ತ್ರ. ಹಲ್ಲಿನ ಕಲೆ, ಮೂಳೆಗಳ ಬಿಗಿತ ವೈದ್ಯಶಾಸ್ತ್ರಕ್ಕೆ ಸೇರಿದವು.

ಪರಿಹಾರವೂ ಹೀಗೆಯೇ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಳಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಬೆರೆಸಿ ಫ್ಲೋರೈಡನ್ನು ತೆಗೆಯುತ್ತಾರೆ. ಆದರೆ ತಳದಲ್ಲಿ ಉಳಿಯುವ ಕೆಸರನ್ನು ಎಲ್ಲಿ ಹಾಕುವುದು? ದಿನವೂ ಘಟಕವನ್ನು ನಡೆಸುವವರು ಯಾರು? ಖರ್ಚನ್ನು ಭರಿಸುವವರು ಯಾರು? ಇಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳೂ ಬೇಕಾಗುತ್ತವೆ.

ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲಗಳ ಅಂತರಶಿಸ್ತೀಯ ಸ್ನಾತಕೋತ್ತರ ಅಧ್ಯಯನದ ಉದ್ದೇಶ ಇದೇ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಯುವುದೇ ಅಂತರಶಿಸ್ತೀಯ ಅಧ್ಯಯನವೆಂದು ಭಾವಿಸಬೇಡಿ. ಒಂದು ವಿಷಯದಲ್ಲಿ ಆಳವಾದ ತಿಳಿವಳಿಕೆಯಿರಬೇಕು. ಉಳಿದ ವಿಷಯಗಳ ತಜ್ಞರ ಮಾತು ಅರ್ಥವಾಗಬೇಕು.

ಅಧ್ಯಾಪಕರೇ, ಮಳೆಗಾಲದ ಮೊದಲು ಮತ್ತು ನಂತರ ನಿಮ್ಮೂರ ಕೊಳವೆಬಾವಿಯ ನೀರನ್ನು ವಿದ್ಯಾರ್ಥಿಗಳಿಂದ ಪರೀಕ್ಷೆ ಮಾಡಿಸಿ. ಫಲಿತಾಂಶವನ್ನು ವಿವರಿಸಲು ಹೊರಟಾಗ ಒಂದೇ ಪಠ್ಯಪುಸ್ತಕ ಸಾಲದೆಂಬುದು ಅವರಿಗೇ ತಿಳಿಯುತ್ತದೆ.