ಗಿಟಾರಿನ ಒಡಲೊಳಗಿನ ಬ್ಯಾಟರಿ

ವೀಣೆ, ತಂಬೂರಿಗಳನ್ನು ಕಂಡು ಬೆಳೆದ ಮನೆಗಳಲ್ಲಿ, ಮರದ ವಾದ್ಯವೊಂದಕ್ಕೆ ಬ್ಯಾಟರಿ ಹಾಕಬೇಕೆಂದರೆ ಹಿರಿಯರಿಗೆ ಸೋಜಿಗವಾಗುವುದು ಸಹಜ. ಆದರೆ ಇಂದು ಮಕ್ಕಳು ಕಲಿಯಲೆಂದು ತರುವ ಗಿಟಾರುಗಳಲ್ಲಿಯೂ, ಸುಗಮ ಸಂಗೀತದ ವೇದಿಕೆಯಲ್ಲಿ ಪಕ್ಕವಾದ್ಯವಾಗಿ ನುಡಿಯುವ ಗಿಟಾರುಗಳಲ್ಲಿಯೂ, ಅನೇಕಕ್ಕೆ ಒಡಲೊಳಗೆ ಪುಟ್ಟ ಬ್ಯಾಟರಿಯೊಂದಿರುತ್ತದೆ. ಅಕೂಸ್ಟಿಕ್-ಎಲೆಕ್ಟ್ರಿಕ್ ಗಿಟಾರ್ ಎಂಬುದು ಇದೇ. ಮನೆಯಲ್ಲಿ ಹಾಗೆಯೇ ಕುಳಿತು ನುಡಿಸುವಾಗ ಈ ಬ್ಯಾಟರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಧ್ವನಿವರ್ಧಕಕ್ಕೆ ಜೋಡಿಸಿದಾಗ ಮಾತ್ರ ಅದರ ಅಗತ್ಯ ಬೀಳುತ್ತದೆ. ಆದುದರಿಂದಲೇ ಅದು ಸೊರಗಿದ ಸಂಗತಿ ಮನೆಯಲ್ಲಿ ತಿಳಿಯದೆ, ಶಾಲೆಯ ವಾರ್ಷಿಕೋತ್ಸವದಲ್ಲೋ ಗಣೇಶೋತ್ಸವದ ಕಚೇರಿಯಲ್ಲೋ, ನೂರಾರು ಜನರ ಎದುರಿಗೆ ತಿಳಿಯುತ್ತದೆ.

ಈ ಬ್ಯಾಟರಿ ಮಾಡುವ ಕೆಲಸವೇನು? ಗಿಟಾರಿನ ತಂತಿಗಳು ಹಾಯ್ದುಹೋಗುವ ಕುದುರೆಯ ಮೇಲೆ ಒಂದು ಸಣ್ಣ ಬಿಳಿಯ ಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಅದರ ಅಡಿಯಲ್ಲಿ, ಒತ್ತಿದರೆ ವಿದ್ಯುತ್ತನ್ನು ಹುಟ್ಟಿಸುವ ವಸ್ತುವೊಂದನ್ನು ಇಟ್ಟಿರುತ್ತಾರೆ. ಕೆಲವು ಹರಳುಗಳಿಗೆ ಈ ಗುಣವುಂಟೆಂದು ಫ್ರಾನ್ಸಿನ ಕ್ಯೂರಿ ಸೋದರರು, ಝಾಕ್ ಮತ್ತು ಪಿಯೇರ್, ೧೮೮೦ರಲ್ಲಿಯೇ ತೋರಿಸಿದರು. ಹಿಂದಿನ ಎಷ್ಟೋ ಗ್ರಾಮಫೋನ್ ಯಂತ್ರಗಳು ತಟ್ಟೆಯ ಮೇಲಿನ ಮುಳ್ಳಿನ ಅದುರನ್ನು ಇಂಥ ಹರಳಿನ ಮೂಲಕವೇ ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದವು. ಗಿಟಾರಿನಲ್ಲಿ ತಂತಿಯ ಕಂಪನವು ಕುದುರೆಯನ್ನು ಅದುರಿಸುತ್ತದೆ, ಅದುರು ವಿದ್ಯುತ್ತಾಗುತ್ತದೆ. ಆದರೆ ಈ ವಿದ್ಯುತ್ತಿಗೆ ಕಸುವು ಸಾಲದು. ಉದ್ದವಾದ ಕೇಬಲ್ಲಿನಲ್ಲಿ ನೇರವಾಗಿ ಕಳಿಸಿದರೆ ನಾದ ಬಡಕಲಾಗಿ, ಮೊರೆತದೊಡನೆ ಬೆರೆತು ಹೋಗುತ್ತದೆ. ಅದಕ್ಕಾಗಿ ಗಿಟಾರಿನ ಒಳಗೇ ಒಂದು ಚಿಕ್ಕ ವರ್ಧಕವನ್ನು ಕೂಡಿಸಿರುತ್ತಾರೆ. ಇದಕ್ಕೆ ಪ್ರೀಆಂಪ್ ಎಂದು ಹೆಸರು. ಬ್ಯಾಟರಿ ಬೇಕಾಗುವುದು ಈ ಪ್ರೀಆಂಪಿಗೆ.

ಬಹುಮಟ್ಟಿಗೆ ಇಲ್ಲಿ ಬಳಸುವುದು ೯ ವೋಲ್ಟಿನ ಚೌಕನೆಯ ಬ್ಯಾಟರಿ. ರೇಡಿಯೊ ಕೇಳುವವರಿಗೆ ಇದು ಹಳೆಯ ಪರಿಚಯ. ೧೯೫೦ರ ದಶಕದಲ್ಲಿ ಕೈಯಲ್ಲಿ ಹಿಡಿದು ನಡೆಯಬಹುದಾದ ಟ್ರಾನ್ಸಿಸ್ಟರ್ ರೇಡಿಯೊಗಳು ಬಂದಾಗ ಅವುಗಳಿಗಾಗಿ ಹುಟ್ಟಿದ ಬ್ಯಾಟರಿಯಿದು. ತಲಾ ಒಂದೂವರೆ ವೋಲ್ಟಿನ ೬ ಚಿಕ್ಕ ಕೋಶಗಳು ಇದರ ತಗಡಿನ ಹೊದಿಕೆಯೊಳಗೆ ಸಾಲಾಗಿ ಜೋಡಣೆಗೊಂಡಿರುತ್ತವೆ. ಕೆಲವು ಗಿಟಾರುಗಳಿಗೆ ಇದರ ಬದಲು ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್ಲುಗಳು ಬೇಕಾಗುತ್ತವೆ. ವಾದ್ಯದೊಡನೆ ಬಂದ ಕೈಪಿಡಿಯನ್ನು ನೋಡಿ ಇದನ್ನು ಖಚಿತಪಡಿಸಿಕೊಳ್ಳುವುದು ಒಳಿತು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ರೇಡಿಯೊವನ್ನು ಆರಿಸಲು ಗುಂಡಿಯುಂಟು. ಇಂಥ ಗಿಟಾರುಗಳಲ್ಲಿ ಬಹುಪಾಲಿಗೆ ಅಂಥ ಗುಂಡಿಯೇ ಇಲ್ಲ. ಕೇಬಲ್ಲನ್ನು ಚುಚ್ಚುವ ಜ್ಯಾಕೇ ಇಲ್ಲಿ ಸ್ವಿಚ್ಚು. ಕೇಬಲ್ಲಿನ ಪ್ಲಗ್ಗು ಒಳಗೆ ಹೋದೊಡನೆ ಅದರ ಲೋಹದ ಮೈ ಜ್ಯಾಕಿನೊಳಗಿನ ಎರಡು ಕೊಂಡಿಗಳನ್ನು ಕೂಡಿಸಿ, ಬ್ಯಾಟರಿಯ ಮಂಡಲವನ್ನು ಪೂರ್ತಿಗೊಳಿಸುತ್ತದೆ. ಅತ್ತ ಧ್ವನಿವರ್ಧಕವನ್ನು ಆರಿಸಿದ್ದರೂ, ಗಿಟಾರಿನ ಸದ್ದಿನ ಗುಂಡಿಯನ್ನು ಪೂರ್ತಿ ತಗ್ಗಿಸಿದ್ದರೂ, ಪ್ಲಗ್ಗು ಒಳಗಿರುವ ತನಕ ಬ್ಯಾಟರಿ ಸವೆಯುತ್ತಲೇ ಇರುತ್ತದೆ.

ಈ ಸವೆತದ ಲೆಕ್ಕ ನೋಡಿ. ಒಳ್ಳೆಯ ಆಲ್ಕಲೈನ್ ಬ್ಯಾಟರಿಯೊಂದು ಸುಮಾರು ೫೦೦ ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು ಹಿಡಿದಿರುತ್ತದೆ. ಪ್ರೀಆಂಪ್ ೧ ಮಿಲಿಆಂಪಿಯರ್ ಎಳೆಯುವುದೆಂದು ಇಟ್ಟುಕೊಂಡರೆ ಅದು ೫೦೦ ಗಂಟೆಗಳ ನುಡಿಸಾಣಿಕೆಗೆ ಸಾಕು. ದಿನಕ್ಕೊಂದು ಗಂಟೆಯಂತೆ ವರ್ಷ ದಾಟಿಯೂ ಉಳಿಯುತ್ತದೆ. ಅದೇ ಗಿಟಾರನ್ನು ಕೇಬಲ್ ಸಮೇತ ಮೂಲೆಯಲ್ಲಿ ನಿಲ್ಲಿಸಿಟ್ಟರೆ ೨೧ ದಿನಗಳಲ್ಲಿ ಎಲ್ಲವೂ ಖಾಲಿ. ಹೆಚ್ಚು ವಿದ್ಯುತ್ತು ಎಳೆಯುವ ಪ್ರೀಆಂಪಾದರೆ ಅಷ್ಟು ದಿನವೂ ಇಲ್ಲ. ಶ್ರುತಿ ತೋರಿಸುವ ದೀಪವನ್ನು ಉರಿಯಬಿಟ್ಟರಂತೂ ಇನ್ನೂ ಬೇಗ. ನುಡಿಸಿದ್ದು ಮುಗಿದೊಡನೆ ಮೊದಲು ಧ್ವನಿವರ್ಧಕದ ಸದ್ದನ್ನು ತಗ್ಗಿಸಿ, ಅನಂತರ ಕೇಬಲ್ಲನ್ನು ಕಿತ್ತಿಡುವ ಅಭ್ಯಾಸ ಮಕ್ಕಳಿಗೆ ಮೊದಲ ಪಾಠದ ದಿನವೇ ಆಗಬೇಕು. ಸದ್ದು ತಗ್ಗಿಸದೆ ಕಿತ್ತರೆ ಢಮ್ಮೆಂಬ ಶಬ್ದ ಬಂದು ಧ್ವನಿವರ್ಧಕಕ್ಕೂ ಕಿವಿಗೂ ಕೇಡು.

ಬ್ಯಾಟರಿ ಸೊರಗುತ್ತಿರುವುದನ್ನು ಕಿವಿಯೇ ಹೇಳುತ್ತದೆ. ಮೊದಲು ಜೋರಾಗಿ ಮೀಟಿದಾಗ ನಾದ ಒಡೆದಂತೆ ಕೇಳುತ್ತದೆ. ಆಮೇಲೆ ಸದ್ದು ಕ್ಷೀಣಿಸಿ ಗರಗರ ಬೆರೆಯುತ್ತದೆ. ಕಡೆಗೆ ಪೂರ್ತಿ ಅಡಗುತ್ತದೆ. ಕೆಲವು ಗಿಟಾರುಗಳಲ್ಲಿ ಇದನ್ನು ತಿಳಿಸುವ ಕೆಂಪು ದೀಪವೂ ಉಂಟು. ಆದರೆ ಕೇಬಲ್ ಕೆಟ್ಟರೂ ಇಂಥದೇ ಲಕ್ಷಣಗಳು ಕಾಣುವುದರಿಂದ, ಬ್ಯಾಟರಿಯನ್ನು ಎಸೆಯುವ ಮುನ್ನ ಬೇರೊಂದು ಕೇಬಲ್ ಹಾಕಿ ನೋಡುವುದು ಜಾಣತನ.

ಸಂದೇಹ ನಿವಾರಣೆಗೆ ಮಲ್ಟಿಮೀಟರ್ ಇದ್ದರೆ ಲೇಸು. ಅದನ್ನು ನೇರ ವಿದ್ಯುತ್ತಿನ ೨೦ ವೋಲ್ಟ್ ಗುರುತಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗಳಿಗೆ ಮುಟ್ಟಿಸಬೇಕು. ಹೊಸ ಆಲ್ಕಲೈನ್ ಬ್ಯಾಟರಿ ೯ಕ್ಕಿಂತ ತುಸು ಹೆಚ್ಚನ್ನೇ, ಸುಮಾರು ೯.೫ ವೋಲ್ಟನ್ನು, ತೋರಿಸುತ್ತದೆ. ೮ಕ್ಕೆ ಇಳಿದಿದ್ದರೆ ಹೊಸದನ್ನು ತಂದಿಟ್ಟುಕೊಳ್ಳಿ, ೭.೫ಕ್ಕೆ ಇಳಿದಿದ್ದರೆ ಬದಲಾಯಿಸಿಬಿಡಿ. ದಣಿದ ಬ್ಯಾಟರಿ ವಿಶ್ರಾಂತಿಯಲ್ಲಿ ಕೊಂಚ ಚೇತರಿಸಿಕೊಂಡು ಹುಸಿ ಲೆಕ್ಕ ಕೊಡುತ್ತದೆ. ಆದ್ದರಿಂದ ಹತ್ತು ನಿಮಿಷ ನುಡಿಸಿದ ಕೂಡಲೇ ಅಳೆಯುವುದು ಸರಿ. ನಾಲಗೆಗೆ ತಾಗಿಸಿ ಚುರುಗುಟ್ಟುವುದನ್ನು ನೋಡುವ ಪದ್ಧತಿ ಬೇಡ. ಎಷ್ಟು ಉಳಿದಿದೆಯೆಂಬುದು ಅದರಿಂದ ತಿಳಿಯುವುದಿಲ್ಲ.

ಕೊಳ್ಳುವಾಗ ಆಲ್ಕಲೈನ್ ಎಂದು ಕೇಳಿ ಕೊಳ್ಳಿ. 'ಹೆವಿ ಡ್ಯೂಟಿ' ಎಂದು ಅಚ್ಚಾಗಿರುವುದು ಸಾಮಾನ್ಯವಾಗಿ ಸತು ಮತ್ತು ಇಂಗಾಲದ ಹಳೆಯ ಬಗೆ. ಬೆಲೆ ಕಡಮೆಯಾದರೂ ಅದರ ಬಾಳಿಕೆಯೂ ಕಡಮೆ, ಸೋರುವ ಭಯವೂ ಉಂಟು. ಸೋರಿದ ರಸ ಕೊಂಡಿಗಳನ್ನು ತಿಂದುಹಾಕಿದರೆ ಬ್ಯಾಟರಿಯ ಬೆಲೆಯ ಎಷ್ಟೋ ಪಾಲು ರಿಪೇರಿಗೆ ತೆರಬೇಕಾಗುತ್ತದೆ. ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಬಗೆಯವು ಕೆಲವು ೮.೪, ಕೆಲವು ೭.೨ ವೋಲ್ಟಿನವು. ಮೇಲೆ ಹೇಳಿದ ಅಳತೆ ಅವಕ್ಕೆ ಹೊಂದುವುದಿಲ್ಲ. ಕೊನೆಯಲ್ಲಿ ಅವು ಥಟ್ಟನೆ ಕೈಕೊಡುವುದೂ ಉಂಟು.

ಬದಲಾಯಿಸುವ ಕೆಲಸ ಕಷ್ಟದ್ದಲ್ಲ. ಮೊದಲು ಕೇಬಲ್ಲನ್ನು ತೆಗೆಯಿರಿ. ಬ್ಯಾಟರಿಯ ಗೂಡು ಗಿಟಾರಿನ ಪಕ್ಕದ ಪ್ರೀಆಂಪ್ ಪೆಟ್ಟಿಗೆಯಲ್ಲಿಯೋ, ಜ್ಯಾಕಿನ ಬಳಿಯೋ ಇರುತ್ತದೆ. ಎರಡೂ ಕಡೆ ಕಾಣದಿದ್ದರೆ ಮುಂಭಾಗದ ದುಂಡು ರಂಧ್ರದೊಳಗೆ ಹುಡುಕಿ. ಅಲ್ಲಿ ಚೀಲವೊಂದರಲ್ಲಿ ಅಂಟಿಸಿಟ್ಟಿರಬಹುದು. ಆಗ ಬಿರಡೆಗಳನ್ನು ತಿರುಗಿಸಿ ತಂತಿಗಳನ್ನು ಸಡಿಲಿಸಿಕೊಂಡರೆ ಕೈ ಹೋಗುತ್ತದೆ. ಗೂಡಿನಲ್ಲಿ ಒತ್ತುಗುಂಡಿಯ ಟೋಪಿ ಇದ್ದರೆ ಟೋಪಿಯನ್ನೇ ಹಿಡಿದು ಬಿಡಿಸಬೇಕು. ಅದಕ್ಕೆ ಬೆಸೆದ ಸಣ್ಣ ವೈರುಗಳನ್ನು ಹಿಡಿದೆಳೆದರೆ ಕಿತ್ತುಬರುತ್ತವೆ. ಬ್ಯಾಟರಿಯ ಚಿಕ್ಕ ದುಂಡು ತುದಿ ಧನ, ದೊಡ್ಡದಾಗಿ ಹೂವಿನಂತೆ ಬಿರಿದ ತುದಿ ಋಣ. ತಲೆಕೆಳಗಾಗಿ ಒಂದು ಕ್ಷಣ ತಾಗಿಸಿದರೂ ಕೆಲವು ಪ್ರೀಆಂಪುಗಳಿಗೆ ಹಾನಿ ತಪ್ಪದು. ಒಳಗೆ ಬ್ಯಾಟರಿ ಅಲ್ಲಾಡದಂತೆ ಭದ್ರಪಡಿಸಿ, ಕೇಬಲ್ ಹಾಕಿ ಒಮ್ಮೆ ನುಡಿಸಿ ನೋಡಿರಿ.

ತೆಗೆದ ಬ್ಯಾಟರಿಯ ವಿಚಾರದಲ್ಲಿಯೂ ಎಚ್ಚರ ಬೇಕು. ಅದರ ಎರಡು ತುದಿಗಳೂ ಒಂದೇ ಮಗ್ಗುಲಿನಲ್ಲಿರುವುದರಿಂದ, ಜೇಬಿನಲ್ಲಿಯೋ ಮೇಜಿನ ಖಾನೆಯಲ್ಲಿಯೋ ಬೀಗದ ಕೈ, ಚಿಲ್ಲರೆ ನಾಣ್ಯಗಳು ಎರಡಕ್ಕೂ ತಾಗಿ, ಕಾದು ಬೆಂಕಿ ಹತ್ತುವುದುಂಟು. ಸೊರಗಿದ ಬ್ಯಾಟರಿಯಲ್ಲಿಯೂ ಅಷ್ಟು ಶಕ್ತಿ ಉಳಿದಿರಬಹುದು. ತುದಿಗಳ ಮೇಲೆ ಅಂಟುಪಟ್ಟಿ ಸುತ್ತಿಡಿ. ಗಿಟಾರಿನ ತಲೆಗೆ ಸಿಕ್ಕಿಸುವ ಶ್ರುತಿಯಂತ್ರಗಳಲ್ಲಿ ಹಲವಕ್ಕೆ ನಾಣ್ಯದಂಥ ಬ್ಯಾಟರಿ ಇರುತ್ತದೆ. ಅದನ್ನು ಮಗು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಡಬಹುದು. ಸಂಶಯ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಹಳೆಯ ಬ್ಯಾಟರಿಗಳನ್ನು ಮನೆಯ ಕಸದೊಡನೆ ಬೆರೆಸದೆ ಬೇರೆಯಾಗಿ ಕೊಡಬೇಕೆಂದು ಕೇಂದ್ರ ಸರ್ಕಾರದ ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ.

ಹೊಸ ಬ್ಯಾಟರಿ ಹಾಕಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಗಿಟಾರಿನ ಪೆಟ್ಟಿಗೆಯೊಳಗೆ ಅಂಟಿಸಿಡಿ. ಗಿಟಾರನ್ನು ತಿಂಗಳುಗಟ್ಟಲೆ ನುಡಿಸುವುದಿಲ್ಲವೆಂದಾದರೆ ಬ್ಯಾಟರಿಯನ್ನು ಹೊರತೆಗೆದಿಡಿ. ಕಚೇರಿಗೆ ಹೊರಡುವ ಮುನ್ನಾದಿನ ಒಮ್ಮೆ ಪರೀಕ್ಷಿಸಿ, ತೆರೆಯದ ಹೊಸ ಬ್ಯಾಟರಿಯೊಂದನ್ನು ತಂತಿಗಳ ಜೊತೆಗೇ ಇಟ್ಟುಕೊಳ್ಳಿ. ವೇದಿಕೆಯ ಮೇಲೆ ಕುಳಿತ ಮಗು ಆಮೇಲೆ ಹಾಡಿನ ಯೋಚನೆಯನ್ನಷ್ಟೇ ಮಾಡಿದರೆ ಸಾಕು.