ಎರಡನೇ ಇಂಜಿನ್: ಆಸರೆಯೋ, ಭಾರವೋ?

2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಲಪ್ರಭಾ, ಕೃಷ್ಣಾ ಮೂರೂ ನದಿಗಳು ಉಕ್ಕಿದಾಗ ಬಾಗಲಕೋಟೆ ಜಿಲ್ಲೆಯಲ್ಲಿ ನೀರು ಸುತ್ತುವರಿದ ಊರುಗಳ ಜನರನ್ನು ಬೋಟುಗಳಲ್ಲಿ ದಡ ಸೇರಿಸಬೇಕಾಯಿತು. ಇಂಥ ಸಣ್ಣ ಬೋಟುಗಳ ಹಿಂಬದಿಗೆ ಬಿಗಿಯುವ ಯಂತ್ರವೇ ಔಟ್‌ಬೋರ್ಡ್ ಮೋಟಾರ್. ಇಂಜಿನ್, ಶಾಫ್ಟ್, ಪ್ರೊಪೆಲರ್ ಮೂರೂ ಒಂದೇ ಜೋಡಣೆಯಲ್ಲಿರುತ್ತವೆ. ಚುಕ್ಕಾಣಿ ಬೇರೆ ಇರುವುದಿಲ್ಲ. ಮೋಟಾರನ್ನೇ ತಿರುಗಿಸಿ ಬೋಟನ್ನು ತಿರುಗಿಸುತ್ತಾರೆ. ಹಾಗಾಗಿ ಇಂಜಿನ್ ನಿಂತರೆ ವೇಗದ ಜೊತೆಗೆ ದಿಕ್ಕಿನ ಮೇಲಿನ ಹಿಡಿತವೂ ಹೋಗುತ್ತದೆ. ಕಲಾದಗಿಯಂಥ ನದಿದಂಡೆಯ ಊರಿನಲ್ಲಿ ಬೋಟು ಇಟ್ಟುಕೊಂಡವರು ಎರಡನೆಯದೊಂದು ಸಣ್ಣ ಮೋಟಾರಿನ ಬಗ್ಗೆ ಯೋಚಿಸಬೇಕಾದದ್ದು ಇದಕ್ಕಾಗಿ.

ಮೊದಲು ಏಳುವ ಪ್ರಶ್ನೆ, ಎಷ್ಟು ಎಚ್‌ಪಿ ಬೇಕು? ನೀರನ್ನು ಸೀಳಿಕೊಂಡು ಸಾಗುವ ಬೋಟು ತನ್ನದೇ ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗಿ, ಕೊನೆಗೆ ಬೋಟಿನಷ್ಟೇ ಉದ್ದಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಬೋಟು ತಾನೇ ಎಬ್ಬಿಸಿದ ದಿಬ್ಬವನ್ನು ಹತ್ತಬೇಕು. ನೀರಿಗೆ ತಾಗುವ ಭಾಗ 4 ಮೀಟರ್ ಉದ್ದವಿದ್ದರೆ ಈ ಮಿತಿ ಗಂಟೆಗೆ ಸುಮಾರು 9 ಕಿ.ಮೀ. ಅದನ್ನು ಮೀರಿ ನೀರಿನ ಮೇಲೆ ಜಾರುತ್ತ ಓಡಲು ದೊಡ್ಡ ಇಂಜಿನ್ನೇ ಬೇಕು. ಮಿತಿಯೊಳಗೆ ಸಾಗಲು ಶಾಂತ ನೀರಿನಲ್ಲಿ ಎರಡು ಮೂರು ಎಚ್‌ಪಿ ಸಾಕು. 4ರ ಬದಲು 6 ಎಚ್‌ಪಿ ಹಾಕಿದರೂ ವೇಗ ಹೆಚ್ಚೇನೂ ಏರದು. ಆದರೆ ಎದುರುಗಾಳಿಯಲ್ಲಿ, ಜನ ತುಂಬಿದಾಗ ಆ ಹೆಚ್ಚುವರಿ ಬಲ ಕೈಹಿಡಿಯುತ್ತದೆ.

ಈಗ ಹೊಳೆಯ ಸೆಳವನ್ನು ಲೆಕ್ಕಕ್ಕೆ ತನ್ನಿ. ನೀರು ಸೆಕೆಂಡಿಗೆ 2 ಮೀಟರ್, ಅಂದರೆ ಗಂಟೆಗೆ 7.2 ಕಿ.ಮೀ. ಹರಿಯುತ್ತಿದ್ದರೆ 9 ಕಿ.ಮೀ. ವೇಗದ ಬೋಟು ಎದುರುಮುಖವಾಗಿ ಗಂಟೆಗೆ ಎರಡು ಕಿ.ಮೀ. ಕೂಡ ಮುಂದೆ ಹೋಗದು. ಸೆಳವು ಸೆಕೆಂಡಿಗೆ 3 ಮೀಟರ್ ಆದರೆ ಬೋಟು ಹಿಂದಕ್ಕೇ ಸರಿಯುತ್ತದೆ. ಆದ್ದರಿಂದ ಆಪತ್ತಿನ ಮೋಟಾರು ಸೆಳವಿನ ವಿರುದ್ಧ ಸೆಣಸಲು ಅಲ್ಲ. ಮೂತಿಯನ್ನು ಓರೆಯಾಗಿ ಹಿಡಿದು, ಕೆಳಕ್ಕೆ ತೇಲುತ್ತಲೇ ಹತ್ತಿರದ ದಡ ಸೇರಲು.

ಇಷ್ಟು ಕೆಲಸಕ್ಕೆ ಪ್ರೊಪೆಲರ್‌ನ ಆಯ್ಕೆ ಎಚ್‌ಪಿಯಷ್ಟೇ ಮುಖ್ಯ. ಹೆಚ್ಚು ನೀರನ್ನು ನಿಧಾನವಾಗಿ ಹಿಂದಕ್ಕೆ ತಳ್ಳಿದರೂ, ಕಡಿಮೆ ನೀರನ್ನು ಜೋರಾಗಿ ತಳ್ಳಿದರೂ ಒಂದೇ ನೂಕುಬಲ ಸಿಗಬಹುದು. ಆದರೆ ಮೊದಲನೆಯದಕ್ಕೆ ತಗಲುವ ಶಕ್ತಿ ಕಡಿಮೆ. ಹಾಗಾಗಿ ಅಗಲ ಹೆಚ್ಚಿರುವ, ಅಲಗಿನ ತಿರುವು ಕಡಿಮೆ ಇರುವ ಪ್ರೊಪೆಲರ್ ಒಳ್ಳೆಯದು. ಏರಿನಲ್ಲಿ ಟ್ರ್ಯಾಕ್ಟರಿಗೆ ಮೊದಲ ಗೇರ್ ಹಾಕಿದ ಹಾಗೆ ಅದು ಕೆಲಸ ಮಾಡುತ್ತದೆ.

ಶಾಫ್ಟಿನ ಉದ್ದವನ್ನೂ ಅಳೆದೇ ಕೊಳ್ಳಬೇಕು. ಇವು ಸಾಮಾನ್ಯವಾಗಿ 15 ಇಂಚು, 20 ಇಂಚಿನ ಅಳತೆಗಳಲ್ಲಿ ಬರುತ್ತವೆ. ಗಿಡ್ಡದಾದರೆ ಪ್ರೊಪೆಲರ್ ಮೇಲಿನ ಗಾಳಿಯನ್ನು ಎಳೆದುಕೊಂಡು ಹಿಡಿತವಿಲ್ಲದೆ ಸುಮ್ಮನೆ ಗಿರಗಿರ ತಿರುಗುತ್ತದೆ.

ಇಷ್ಟೆಲ್ಲ ಸರಿಯಾಗಿ ಆರಿಸಿದ ಮೋಟಾರೂ ಬೇಕಾದ ಗಳಿಗೆಯಲ್ಲಿ ಕೈಕೊಡಬಹುದು. ಮೊದಲನೆಯದನ್ನು ನಿಲ್ಲಿಸಿದ ಕಾರಣವೇ ಎರಡನೆಯದನ್ನೂ ನಿಲ್ಲಿಸಿದರೆ ಎರಡು ಇಂಜಿನ್ ಇದ್ದೂ ಒಂದೇ ಇದ್ದಂತೆ. ವಿಮಾನ, ಅಣುಸ್ಥಾವರಗಳ ವಿನ್ಯಾಸಕಾರರು ತೀರ ಎಚ್ಚರದಿಂದ ಹುಡುಕುವುದು ಇಂಥ ಸಮಾನ ಕಾರಣಗಳನ್ನೇ. ಬೋಟಿನಲ್ಲಿ ಅವು ಮುಖ್ಯವಾಗಿ ಮೂರು.

ಒಂದು, ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳೂ ಅದನ್ನು ತಯಾರಿಸುತ್ತವೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನಂಶ ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಒಂದೇ ಟ್ಯಾಂಕಿನಿಂದ ಎರಡೂ ಮೋಟಾರಿಗೆ ಪೈಪು ಎಳೆದಿದ್ದರೆ ಎರಡೂ ನಿಂತವು. ಬದಲಿ ಮೋಟಾರಿಗೆ ಅದರದೇ ಟ್ಯಾಂಕ್ ಇರಲಿ.

ಎರಡು, ಬ್ಯಾಟರಿ. ಸ್ಟಾರ್ಟ್ ಆಗಲು ಎರಡೂ ಒಂದೇ ಬ್ಯಾಟರಿಯನ್ನು ನೆಚ್ಚಬಾರದು. ಸಣ್ಣದಕ್ಕೆ ಕೈಯಿಂದ ಎಳೆಯುವ ಹಗ್ಗ ಇರಲೇಬೇಕು.

ಮೂರು, ಕೆಸರು. ಬಹುತೇಕ ಔಟ್‌ಬೋರ್ಡ್‌ಗಳು ನದಿಯ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತವೆ. ಎರೆಮಣ್ಣು ಕಲಸಿದ ಪ್ರವಾಹದ ನೀರು ಪಂಪಿನ ರಬ್ಬರ್ ಅಲಗುಗಳನ್ನು ಸವೆಸುತ್ತದೆ; ಕಸ, ಕಳೆ ಸಿಕ್ಕಿ ನೀರೆಳೆಯುವ ಬಾಯಿ ಮುಚ್ಚಿದರೆ ಇಂಜಿನ್ ಕಾದು ನಿಲ್ಲುತ್ತದೆ. ಎರಡು ಎಚ್‌ಪಿ ಆಸುಪಾಸಿನ ಕೆಲವು ಮೋಟಾರುಗಳು ಗಾಳಿಯಿಂದಲೇ ತಣ್ಣಗಾಗುವುದರಿಂದ ಅವಕ್ಕೆ ಈ ಕಾಟವಿಲ್ಲ.

ವಿದ್ಯುತ್ ಮೋಟಾರಿಗೆ ಪೆಟ್ರೋಲೂ ಬೇಡ, ಪಂಪೂ ಬೇಡ. ಆದರೆ 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1.2 ಯೂನಿಟ್ ವಿದ್ಯುತ್ ಮಾತ್ರ. 600 ವ್ಯಾಟ್, ಅಂದರೆ ಒಂದು ಎಚ್‌ಪಿಗಿಂತ ಕಡಿಮೆ ಎಳೆದರೂ ಹೆಚ್ಚೆಂದರೆ ಎರಡು ತಾಸು. ಬೇಸಿಗೆಯ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಅದು ಸಾಕು, ಮಳೆಗಾಲದ ಹೊಳೆಗೆ ಸಾಲದು.

ಒಟ್ಟಿನಲ್ಲಿ ನಾಲ್ಕು ಮೀಟರಿನ ಬೋಟಿಗೆ ಸ್ವಂತ ಟ್ಯಾಂಕಿನ, ಹಗ್ಗ ಎಳೆದು ಚಾಲೂ ಮಾಡುವ, 5–6 ಎಚ್‌ಪಿಯ ಫೋರ್‌ಸ್ಟ್ರೋಕ್ ಮೋಟಾರು ತಕ್ಕದ್ದು. ತೂಕ ಸುಮಾರು 25 ಕಿಲೋ. ಹಿಂಬದಿಯ ಹಲಗೆ ಎರಡರ ಭಾರ ತಾಳುತ್ತದೆಯೇ ನೋಡಿಕೊಳ್ಳಿ. ತಿಂಗಳಿಗೊಮ್ಮೆಯಾದರೂ ನೀರಿನಲ್ಲಿ ಓಡಿಸಿ, ಕಾರ್ಬುರೇಟರ್ ಬರಿದು ಮಾಡಿಡಿ. ಜೊತೆಗೆ ಒಂದು ಲಂಗರು, ಎರಡು ಹುಟ್ಟು ಇರಲಿ: ಪೆಟ್ರೋಲ್, ಬ್ಯಾಟರಿ, ಪಂಪು ಯಾವುದನ್ನೂ ನೆಚ್ಚದ ಸಾಧನಗಳು ಅವೇ.